ತೀರಬಾರದ ಮುಯ್ಯಿ

ನಮ್ಮ ಶಾಲೆಯಲ್ಲಿ ಬೇಸಿಗೆ ಹತ್ತಿರವಾದರೆ ಪಾಠ ಮಾಡುವವರು ಕೆಮ್ಮುತ್ತಾರೆ, ಕೇಳುವವರು ಸೀನುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹತ್ತಿರದ ಶಾಲೆ. ಗಾಳಿ ಈ ಕಡೆ ತಿರುಗಿದರೆ ಕಿಟಕಿ ಮುಚ್ಚಬೇಕು, ಮುಚ್ಚಿದರೆ ಸೆಕೆ. ನಾನು ರಾಣೆಬೆನ್ನೂರಿನ ಮನೆಯಿಂದ ದಿನಾ ರೈಲಿನಲ್ಲೋ ಬಸ್ಸಿನಲ್ಲೋ ಬಂದು ಹೋಗುವವಳು. ನಾಲ್ಕನೆಯ ಮತ್ತು ಐದನೆಯ ತರಗತಿ ನನ್ನವು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಸಿಡುಕಿ ಎನ್ನುತ್ತಾರೆ. ಸುಳ್ಳೇನಲ್ಲ.

ಆ ವರ್ಷ ನಮ್ಮನ್ನೆಲ್ಲ ಹಾವೇರಿಗೆ ತರಬೇತಿಗೆ ಕರೆದಿದ್ದರು. ಮಕ್ಕಳಿಗೆ ಕೂಡಿ ಕೆಲಸ ಮಾಡುವುದನ್ನು ಕಲಿಸಬೇಕು, ಎದುರುಬದುರು ಕೂರಿಸಿಯೂ ಕಲಿಸಬೇಕು, ಆನ್‌ಲೈನಿನಲ್ಲಿಯೂ ಕಲಿಸಬೇಕು ಎಂಬುದು ವಿಷಯ. ಮೊದಲು ನಮ್ಮನ್ನೇ ಗುಂಪು ಮಾಡಿ ಕೂರಿಸಿದರು. ಗುಂಪಿಗೊಬ್ಬರು ಚಾರ್ಟಿನ ಮೇಲೆ ಬರೆದರು, ಉಳಿದವರು ಚಹಾ ಕುಡಿಯುತ್ತ ವರ್ಗಾವಣೆಯ ಮಾತಾಡಿದೆವು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಮ್ಮ ಗುಂಪಿನಲ್ಲಿ ಬರೆಯುವ ಪಾಪ ಹೊತ್ತವರು ಹಲಗೇರಿ ಕಡೆಯ ಒಂದು ಹಳ್ಳಿಯ ಮಾಸ್ತರು. ನನಗಿಂತ ಬಹಳ ಚಿಕ್ಕವರು, ಇನ್ನೂ ಕೆಲಸದ ಮೇಲೆ ಆಸೆ ಉಳಿಸಿಕೊಂಡವರು.

ಮಧ್ಯಾಹ್ನ ಊಟದ ತಟ್ಟೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತರು. "ಅಕ್ಕೋರ, ನಮ್ಮ ಹುಡುಗ್ರು ನಿಮ್ಮ ಹುಡುಗ್ರು ಕೂಡಿ ಏನರ ಮಾಡೋಣೇನ್ರಿ? ನಮ್ಮ ಕಡೆ ಮೆಣಸಿನಕಾಯಿ ಬೆಳೀತಾರ, ನಿಮ್ಮ ಕಡೆ ಮಾರ್ತಾರ. ಒಂದು ಕಾಯಿ ಹೊಲದಿಂದ ಪ್ಯಾಟಿಗೆ ಬರೋ ದಾರಿ ಎರಡೂ ಸಾಲಿ ಹುಡುಗ್ರು ಕೂಡಿ ಚಿತ್ರಾ ತಗೀಲಿ."

ಬೇಡ ಎನ್ನಲು ನನ್ನ ಬಳಿ ಸೋಮಾರಿತನದ ಹೊರತು ಬೇರೆ ಕಾರಣವಿರಲಿಲ್ಲ. ಆಗಲಿ ಎಂದೆ.

ಒಂದು ಶನಿವಾರ ರಾಣೆಬೆನ್ನೂರಿನ ಪರಿಚಯದವರ ಶಾಲೆಯ ಹಾಲಿನಲ್ಲಿ ಎರಡೂ ಕಡೆಯ ಮಕ್ಕಳನ್ನು ಸೇರಿಸಿದೆವು. ನಮ್ಮವರು ರೈಲಿನಲ್ಲಿ ಬಂದರು, ಅವರು ಬಸ್ಸಿನಲ್ಲಿ. ಗುಂಪಿಗೆ ನಾಲ್ವರು, ಇಬ್ಬರು ಅಲ್ಲಿಯವರು, ಇಬ್ಬರು ಇಲ್ಲಿಯವರು. ನಡುವೆ ಒಂದು ದೊಡ್ಡ ಹಾಳೆ. ಎಲ್ಲರೂ ಕೂಡಿ ಚಿತ್ರ ಬರೆಯಿರಿ ಎಂದೆ. ನಮ್ಮ ಪೇಟೆಯ ಮಕ್ಕಳು ಹಾಳೆಯ ಒಂದೊಂದು ಮೂಲೆ ಹಿಡಿದು, ಪರೀಕ್ಷೆಯಲ್ಲಿ ಉತ್ತರ ಮುಚ್ಚುವ ಹಾಗೆ ಎಡಗೈ ಅಡ್ಡ ಇಟ್ಟುಕೊಂಡು ಬರೆಯಲು ಶುರು ಮಾಡಿದರು. ಹಳ್ಳಿಯ ಮಕ್ಕಳು ಕೈಕಟ್ಟಿ ಕೂತೇ ಇದ್ದರು.

"ಯಾಕ, ಕೈಗೆ ಏನಾಗೇತಿ?" ಎಂದು ಒಂದು ಗುಂಪಿನ ಹತ್ತಿರ ಹೋಗಿ ಗದರಿದೆ. ಅಲ್ಲಿದ್ದ ಹಳ್ಳಿಯ ಹುಡುಗಿ ಕೆಂಪು ರಿಬ್ಬನ್ನಿನಲ್ಲಿ ಎರಡು ಜಡೆ ಮಡಚಿ ಕಟ್ಟಿಸಿಕೊಂಡು ಬಂದಿದ್ದಳು. ಒಂದು ಕೂದಲು ಹೊರಗಿಲ್ಲದ ಹಾಗೆ ಬಿಗಿದ ಜಡೆ. ತಾಯಿ ಬೆಳಿಗ್ಗೆ ಎದ್ದು ಹಾಕಿದ್ದೆಂದು ನೋಡಿದರೇ ತಿಳಿಯುತ್ತಿತ್ತು. ಅವಳು ಎದ್ದು ನಿಂತು ಕೇಳಿದಳು.

"ಇದು ಯಾರ ಚಿತ್ರರಿ?"

"ಯಾರದೂ ಅಲ್ಲ. ಎಲ್ಲಾರದು."

"ಎಲ್ಲಾರದು ಅಂದ್ರ ಯಾರೂ ಬರಂಗಿಲ್ಲರಿ ಅಕ್ಕೋರ."

ಮಾಸ್ತರು ನಕ್ಕುಬಿಟ್ಟರು. "ಮುಯ್ಯಿ ಅಂತ ತಿಳಕೊಂಡಾರ್ರಿ," ಎಂದರು. ಆಗ ನನಗೆ ಹೊಳೆಯಿತು. ಆ ಊರಿನಲ್ಲಿ ಕೂಡಿ ಕೆಲಸ ಮಾಡುವುದೆಂದರೆ ಇಂದು ಎಲ್ಲರೂ ನಿನ್ನ ಹೊಲಕ್ಕೆ, ನಾಳೆ ಎಲ್ಲರೂ ನನ್ನ ಹೊಲಕ್ಕೆ. ಹೊಲ ಯಾರದೆಂದು ಗೊತ್ತಿಲ್ಲದೆ ಕಳೆ ತೆಗೆಯಲು ಕುರುಪಿ ಹಿಡಿಯುವುದು ಹೇಗೆ? ಅದರಲ್ಲಿ ಕೂಲಿಯ ಮಾತಿಲ್ಲ, ತಿರುಗಿ ಹೋಗಿ ದುಡಿದು ಬಂದರೆ ತೀರಿತು. ಹಾಗೆ ಮುಯ್ಯಿ ತೀರಿಸದವರು ಊರಿನಲ್ಲಿ ಮುಖ ಎತ್ತಿ ಓಡಾಡುವಂತಿಲ್ಲ.

ತರಬೇತಿಯಲ್ಲಿ ಹೇಳಿದ್ದು ಇದಲ್ಲ. ಆದರೆ ಅಲ್ಲಿ ಹೇಳಿದ್ದನ್ನು ನಾವೇ ಮಾಡಿರಲಿಲ್ಲ. ಮಕ್ಕಳ ದಾರಿಯೇ ಇರಲಿ ಎಂದುಕೊಂಡೆವು. ಗುಂಪಿಗೆ ನಾಲ್ಕು ಚಿತ್ರ, ಚಿತ್ರಕ್ಕೊಬ್ಬರು ಒಡೆಯರು, ಒಬ್ಬರ ಚಿತ್ರಕ್ಕೆ ನಾಲ್ವರೂ ದುಡಿಯಬೇಕು. ಈ ಗುಂಪಿನಲ್ಲಿ ಮೊದಲನೆಯದು ಸಸಿ ಮಡಿ. ಎರಡನೆಯದು ಕಾಯಿ ಬಿಡಿಸುವ ಹೊಲ, ಅದು ಎರಡು ಜಡೆಯ ಹುಡುಗಿಯದು. ಮೂರನೆಯದು ಹೆಂಗಸರು ರಾಶಿಯ ಸುತ್ತ ಕೂತು ಕಾಯಿಯ ತೊಟ್ಟು ಮುರಿಯುವುದು. ಕೊನೆಯದು ನಮ್ಮ ಶಾಲೆಯ, ಪೇಟೆಯ ಹಮಾಲರೊಬ್ಬರ ಮಗಳದು. ಅವಳು ರೈಲು ಬರೆಯುತ್ತೇನೆಂದಳು. ಮೆಣಸಿನಕಾಯಿ ಲಾರಿಯಲ್ಲಿ ಹೋಗುತ್ತದೆ, ರೈಲಿನಲ್ಲಲ್ಲ ಎಂದೆ. ನನ್ನ ಮಾತು ಯಾರಿಗೆ ಬೇಕು?

ಸಂಜೆ ನಮ್ಮನ್ನು ಕಳಿಸಲು ಹಳ್ಳಿಯ ಮಕ್ಕಳೂ ಸ್ಟೇಷನ್ನಿಗೆ ಬಂದರು. ಅವರಲ್ಲಿ ಹಲವರು ರೈಲನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ನಾವು ಹತ್ತಬೇಕಾದ ಗಾಡಿಗೆ ಮುಂಚೆ ಇನ್ನೊಂದು ಗಾಡಿ ನಿಲ್ಲದೆ ಹೋಯಿತು. ಹಮಾಲರ ಮಗಳು ಎರಡು ಜಡೆಯವಳ ಕೈ ಹಿಡಿದುಕೊಂಡು ಕೊನೆಯ ಡಬ್ಬಿಯ ಬೆನ್ನಿಗೆ ಒಂದರ ಮೇಲೊಂದು ಓರೆಯಾಗಿ ಎಳೆದ ಎರಡು ಹಳದಿ ಗೆರೆ ತೋರಿಸಿದಳು. "ಕತ್ತರಿ ಗುರ್ತು ಕಾಣಸ್ತಿಲ್ಲೋ? ಅದು ಕಡೀ ಡಬ್ಬಿ. ಅದು ಬಂತಂದ್ರ ಗಾಡಿ ಮುಗೀತಂತ ಲೆಕ್ಕ." ಜಡೆಯವಳು ಗಾಡಿ ಮರೆಯಾಗುವವರೆಗೆ ಆ ಗುರುತನ್ನೇ ನೋಡುತ್ತ ನಿಂತಿದ್ದಳು.

ಆಮೇಲಿನದೆಲ್ಲ ಆನ್‌ಲೈನ್. ನಮ್ಮ ಶಾಲೆಗೆ ಯಾರೋ ಪುಣ್ಯಾತ್ಮರು ಕೊಟ್ಟ ದೊಡ್ಡ ಟಿವಿ ಇತ್ತು, ಅದಕ್ಕೆ ನನ್ನ ಮೊಬೈಲು ಜೋಡಿಸುತ್ತಿದ್ದೆ. ಅಲ್ಲಿ ಮಾಸ್ತರ ಮೊಬೈಲೇ ಶಾಲೆ. ಮೊದಲ ದಿನ ಪರದೆಯ ತುಂಬ ಮೂಗುಗಳು. ಎಲ್ಲರೂ ಒಟ್ಟಿಗೆ "ಕೇಳಸ್ತೈತೇನು?" ಎಂದು ಕೂಗುತ್ತಿದ್ದರು, ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ನಾನು ಮೇಜು ಕುಟ್ಟಿ ಕುಟ್ಟಿ ಕೈ ನೋಯಿಸಿಕೊಂಡೆ. ಎರಡು ಜಡೆಯವಳೇ ಉಪಾಯ ಹುಡುಕಿದಳು. ಮಾತಾಡಬೇಕಾದವರು ಕೈಯಲ್ಲೊಂದು ಒಣ ಮೆಣಸಿನಕಾಯಿ ಎತ್ತಿ ಹಿಡಿಯಬೇಕು, ಅದು ಇಳಿಯುವವರೆಗೆ ಉಳಿದವರು ಬಾಯಿ ಮುಚ್ಚಬೇಕು. ನಮ್ಮೂರಿನಲ್ಲಿ ಮೆಣಸಿನಕಾಯಿಗೆ ಬರವೇ? ಒಬ್ಬ ಮರೆತು ಕಣ್ಣು ಉಜ್ಜಿಕೊಂಡು ಅತ್ತದ್ದು ಬಿಟ್ಟರೆ ಆ ಉಪಾಯ ಚೆನ್ನಾಗಿಯೇ ನಡೆಯಿತು.

ಚಿತ್ರದ ಹಾಳೆಗಳು ಮಾತ್ರ ಫೋನಿನಲ್ಲಿ ಹೋಗಿ ಬರುವಂಥವಲ್ಲ. ಮಾಸ್ತರೂ ರಾಣೆಬೆನ್ನೂರಿನವರೇ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವರು ನನಗೊಂದು ಸುರುಳಿ, ನಾನು ಅವರಿಗೊಂದು ಸುರುಳಿ. ಈ ವಯಸ್ಸಿನಲ್ಲಿ ಅಂಚೆಯವಳಾದೆನೆಂದು ಗೊಣಗುತ್ತಿದ್ದೆ. ಆದರೆ ದಾರಿಯಲ್ಲಿ ಸುರುಳಿ ಬಿಚ್ಚಿ ನೋಡದೆ ಒಂದು ದಿನವೂ ಇರಲಿಲ್ಲ.

ಜಡೆಯವಳು, ಹಮಾಲರ ಮಗಳು ಇಬ್ಬರೂ ಮನೆಯಿಂದಲೂ ಒಬ್ಬರಿಗೊಬ್ಬರು ವಾಟ್ಸಾಪಿನಲ್ಲಿ ಧ್ವನಿ ಕಳಿಸಿಕೊಳ್ಳುತ್ತಿದ್ದರು. ಜಡೆಯವಳ ಮನೆಯಲ್ಲಿದ್ದದ್ದು ಅಪ್ಪನ ಫೋನು. ಆತ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಪಾಳಿಗೆ ಹೋದರೆ ಫೋನೂ ಹೋಗುತ್ತಿತ್ತು. ಪಾಳಿ ಮುಗಿಸಿ ಬಂದು ಮಲಗಿದಾಗ ಮಾತ್ರ ಅವಳ ಕೈಗೆ ಸಿಗುತ್ತಿತ್ತು. ಹೀಗಾಗಿ ಅವಳ ಮಾತೆಲ್ಲ ಪಿಸುಮಾತು. ಹಮಾಲರ ಮಗಳು ತಾಯಿಯ ಫೋನನ್ನು ಶಾಲೆಗೆ ತಂದು ನನಗೂ ಕೇಳಿಸುತ್ತಿದ್ದಳು.

"ನಿಮ್ಮವ್ವನ ಸೀರಿಗೆ ಯಾವ ಬಣ್ಣ ಹಚ್ಚಲಿ?" ಎಂದು ಇವಳು ಒಮ್ಮೆ ಕೇಳಿದ್ದಳು. ಹೊಲದ ಚಿತ್ರದಲ್ಲಿ ಕಾಯಿ ಬಿಡಿಸುತ್ತ ಬಗ್ಗಿ ನಿಂತವಳು ಜಡೆಯವಳ ತಾಯಿ.

"ತಡಿ, ಅವ್ವನ್ನ ಕೇಳಿ ನಾಳೆ ಹೇಳ್ತೀನಿ. ಆಕೀಗೆ ಯಾವುದು ಸೇರತೈತೋ ಅದನ್ನ ಹಚ್ಚೋಣು," ಎಂದಿತ್ತು ಪಿಸುಮಾತು.

ಆ ನಾಳೆ ಬರಲಿಲ್ಲ. ತಾಯಿಗೆ ಕಾಮಾಲೆ ಆಗಿತ್ತಂತೆ. ಮೊದಲು ನಾಟಿ ಔಷಧ ಕುಡಿಸಿದರು, ಆಮೇಲೆ ದಾವಣಗೆರೆಗೆ ಒಯ್ದರು. ಅಲ್ಲಿಂದ ಆಕೆ ತಿರುಗಿ ಬರಲಿಲ್ಲ. ಮಾಸ್ತರು ಬಸ್ ಸ್ಟ್ಯಾಂಡಿನಲ್ಲಿ ಬರಿಗೈಯಲ್ಲಿ ನಿಂತು ನನಗೆ ಇದನ್ನು ಹೇಳಿದರು. ನಾನು ಆ ಹೆಂಗಸನ್ನು ಒಮ್ಮೆಯೂ ನೋಡಿರಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಬಿಗಿದು ಕಟ್ಟಿದ ಆ ಎರಡು ಜಡೆ. ಮನೆಗೆ ಹೋಗಿ ಒಲೆ ಹಚ್ಚಲು ಮನಸ್ಸಾಗಲಿಲ್ಲ.

ಹೊಲದ ಚಿತ್ರವನ್ನು ಉಳಿದ ಮೂವರು ಸೇರಿ ಮುಗಿಸಿದರು. ಸಾವಾದ ಮನೆಯ ಕೆಲಸಕ್ಕೆ ಊರೇ ಹೋಗುತ್ತದೆ, ಅದನ್ನು ಯಾರೂ ಮುಯ್ಯಿಗೆ ಹಿಡಿಯುವುದಿಲ್ಲ ಎಂದು ಹಳ್ಳಿಯ ಮಕ್ಕಳು ಫೋನಿನಲ್ಲಿ ನಮ್ಮವರಿಗೆ ಹೇಳಿದರು. ನಮ್ಮವರು ತಲೆಯಾಡಿಸಿದರು. ಬದು, ಗಿಡ, ಕಾಯಿ, ಆಕಾಶ ಎಲ್ಲಕ್ಕೂ ಬಣ್ಣ ಬಂತು. ಸೀರೆಯ ಬಣ್ಣ ಕೇಳಬೇಕಾದವರು ಇರಲಿಲ್ಲ. ಹಮಾಲರ ಮಗಳು ಅದನ್ನು ಪೆನ್ಸಿಲ್ಲಿನ ಗೆರೆಯಲ್ಲೇ ಬಿಟ್ಟಳು.

ಹದಿನೈದು ದಿನವಾದರೂ ಹುಡುಗಿ ಶಾಲೆಗೆ ಬರದಿದ್ದಾಗ, ಒಂದು ಭಾನುವಾರ ಮಾಸ್ತರ ಬೈಕಿನ ಹಿಂದೆ ಕೂತು ನಾನೂ ಅವಳ ಊರಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ನಿದ್ದೆಗೆಟ್ಟ ಕೆಂಪು ಕಣ್ಣು. ಅಜ್ಜಿ ಗೋಡೆ ಹಿಡಿದು ಬಾಗಿಲಿಗೆ ಬಂದು, ಬಂದವರು ಯಾರೆಂದು ಕೇಳಿದರು. ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಹುಡುಗಿ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಚಹಾ ತಂದಳು. ಕೂದಲನ್ನೆಲ್ಲ ಸೇರಿಸಿ ಒಂದು ಗಂಟು ಹಾಕಿಕೊಂಡಿದ್ದಳು. ಚಹಾಕ್ಕೆ ಸಕ್ಕರೆ ಬಹಳವಾಗಿತ್ತು.

ನಾನು ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಆ ಮನುಷ್ಯ ಜಗಳಕ್ಕೆ ಜಾಗವನ್ನೇ ಕೊಡಲಿಲ್ಲ.

"ನನಗೂ ಕಲಸ್ಬೇಕಂತ ಐತ್ರಿ ಅಕ್ಕೋರ. ಆಕಿ ಅವ್ವಗೂ ಭಾಳ ಆಸೆ ಇತ್ತು. ನಾ ಪಾಳಿಗೆ ಹೋದ್ರ ಈ ಕೂಸಿನ್ನ ಯಾರ್ ನೋಡ್ತಾರ? ನಮ್ಮವ್ವಗ ಒಲಿ ಎಲ್ಲಿ ಐತಿ, ಕೂಸು ಎಲ್ಲಿ ಐತಿ ಗೊತ್ತಾಗಂಗಿಲ್ಲ. ನೀವ ಹೇಳ್ರಿ, ನಾ ಏನ್ ಮಾಡ್ಲಿ?"

ಅಂಗನವಾಡಿಯ ಮಾತು ತೆಗೆದೆ. ಕೂಸಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ, ಕೇಳಿ ಬಂದಿದ್ದೇನೆ ಎಂದರು. ಮಾಸ್ತರು ತೋಚಿದ್ದನ್ನೆಲ್ಲ ಹೇಳಿದರು. ಆತ ಎಲ್ಲಕ್ಕೂ ಹೌದೆಂದು ತಲೆಯಾಡಿಸಿ, ಕೊನೆಗೆ ಮಗುವಿನ ಕಡೆ ನೋಡುತ್ತಿದ್ದರು. ಆಗ ಹುಡುಗಿ ಬಾಗಿಲಿನಿಂದಲೇ ಬಾಯಿ ಬಿಟ್ಟಳು.

"ಬ್ಯಾಡಗಿ ಆಕೀದು ಒಂದು ಮುಯ್ಯಿ ಉಳದೈತ್ರಿ ಅಕ್ಕೋರ. ರೈಲಿಂದು. ನನ್ನ ಹೊಲಕ್ಕ ಆಕಿ ಬಂದು ದುಡದಾಳ. ಆಕಿ ರೈಲು ಮುಗಿಸಿ ಕೊಟ್ಟು ಸಾಲಿ ಬಿಡ್ತೀನ್ರಿ."

"ಸಾವಿನ ಮನಿ ಕೆಲಸ ಮುಯ್ಯಿಗೆ ಎಣಸಂಗಿಲ್ಲವಾ," ಎಂದರು ಮಾಸ್ತರು.

"ಅವ್ವ ಇದ್ದಾಗ ಮಾಡಿದ್ದೂ ಐತಲ್ರಿ."

ಅಪ್ಪ ಕೂಸಿಗೆ ಕೈ ಚಾಚಿ ಹೇಳಿದರು. "ಮುಯ್ಯಿ ಅಂದಮ್ಯಾಲೆ ತೀರಸ್ಬೇಕ್ರಿ. ನಾ ಹಗಲು ಮನ್ಯಾಗ ಇದ್ದ ದಿನ ಕೂಸಿನ್ನ ನಾ ಹಿಡೀತೀನಿ. ಅದು ಮುಗಿಯೂ ತನಕ ಸಾಲಿಗೆ ಬರ್ಲಿ."

ಮರುದಿನ ಇದ್ದದ್ದನ್ನು ಇದ್ದ ಹಾಗೆ ಮಕ್ಕಳಿಗೆ ಹೇಳಿದೆ. ರೈಲು ಮುಗಿಯುವವರೆಗೆ ಅವಳು ಶಾಲೆಗೆ ಬರುತ್ತಾಳೆ, ಆಮೇಲೆ ಇಲ್ಲ. ಹಮಾಲರ ಮಗಳು ಉಳಿದ ಚಾರ್ಟುಗಳನ್ನು ಎಣಿಸತೊಡಗಿದಳು.

ರೈಲು ಶುರುವಾಯಿತು. ಎಂಜಿನ್ನು, ಅದರ ಹಿಂದೆ ಮೆಣಸಿನಕಾಯಿ ಚೀಲಗಳ ಡಬ್ಬಿ. ಅರ್ಧ ಡಬ್ಬಿ ಇಲ್ಲಿ, ಅರ್ಧ ಅಲ್ಲಿ. ಗಾಲಿಗಳನ್ನು ಜಡೆಯವಳು ಚೆನ್ನಾಗಿ ಬರೆಯುತ್ತಾಳೆಂದು ಗಾಲಿಯೆಲ್ಲ ಅವಳಿಗೆ. ಅಪ್ಪ ಮನೆಯಲ್ಲಿರುವ ದಿನ ಶಾಲೆಗೆ ಬಂದು, ಗಾಲಿ ಬರೆದು, ಪರದೆಯಲ್ಲಿ ಮೆಣಸಿನಕಾಯಿ ಎತ್ತಿ ತೋರಿಸುತ್ತಿದ್ದಳು. "ಆತ್ರಿ, ಮುಗೀತಲ್ಲ?" ಎನ್ನುತ್ತಿದ್ದಳು. ಹಮಾಲರ ಮಗಳು ತನ್ನ ಮೆಣಸಿನಕಾಯಿ ಎತ್ತುತ್ತಿದ್ದಳು. "ಇನ್ನೂ ಇಲ್ಲ. ತೊಟ್ಟು ಮುರಿಯೋ ಹೆಂಗಸ್ರು ಎಲ್ಲಿ ಕುಂದರ್ಬೇಕು? ಅವ್ರಿಗೊಂದು ಡಬ್ಬಿ ಬೇಕು."

ಅವರಿಗೊಂದು ಡಬ್ಬಿ ಆಯಿತು. ಆಮೇಲೆ ಕುಡಿಯುವ ನೀರಿಗೊಂದು. ಹಮಾಲರಿಗೊಂದು. ಶಾಲೆಗೇ ಒಂದು. ಚಾರ್ಟು ಮುಗಿದವು, ಹಳೆಯ ಕ್ಯಾಲೆಂಡರಿನ ಬೆನ್ನು ಬಂತು. ತರಗತಿಯ ಒಂದು ಗೋಡೆ ದಾಟಿ ರೈಲು ಮೂಲೆಯಲ್ಲಿ ತಿರುಗಿ ಕಿಟಕಿಯ ಕೆಳಗೆ ಬಂತು. ತೊಟ್ಟಿಲಿನ ಡಬ್ಬಿಯೊಂದು ಸೇರಿದಾಗ ನನಗೆ ತಡೆಯಲಾಗಲಿಲ್ಲ.

"ಏನವಾ ಇದು? ಮೆಣಸಿನಕಾಯಿ ರೈಲಿನಾಗ ತೊಟ್ಲಾ ಯಾಕ? ಕಾಗದಾ ಹಾಳು, ಅಂಟು ಹಾಳು. ಇದಕ್ಕ ಕೊನಿ ಐತಿಲ್ಲೋ?"

ಹಮಾಲರ ಮಗಳು ಕೈಯಲ್ಲಿನ ಅಂಟನ್ನು ಲಂಗಕ್ಕೆ ಒರೆಸಿಕೊಂಡಳು. "ಆಕಿ ತಮ್ಮನ್ನ ಮಲಗಸಾಕ್ರಿ," ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ರೈಲು ಮುಗದ್ರ ಆಕಿ ಬರಂಗಿಲ್ಲಲ್ರಿ ಅಕ್ಕೋರ."

ನಾನು ಸಿಡುಕಿ. ಆ ದಿನ ಮಾತ್ರ ಕೆಳಗೆ ಬಿದ್ದ ಕಾಗದದ ಚೂರುಗಳನ್ನು ನಾನೇ ಆಯ್ದೆ. ಸಂಜೆ ರಾಣೆಬೆನ್ನೂರಿನಲ್ಲಿ ಇಳಿದವಳೇ ಅಂಗಡಿಗೆ ಹೋಗಿ ಚಾರ್ಟುಗಳ ಒಂದು ಕಟ್ಟನ್ನೇ ತಂದೆ.

ಹಾವೇರಿಯಲ್ಲಿ ಮಕ್ಕಳ ಕೆಲಸಗಳ ಪ್ರದರ್ಶನವಿತ್ತು. ಗೋಡೆಯ ಚಿತ್ರಗಳನ್ನು ಬಿಡಿಸಿ, ಸುರುಳಿ ಸುತ್ತಿ ಒಯ್ದು ಅಲ್ಲಿ ಬಿಚ್ಚಿದೆವು. ನೋಡಲು ಬಂದವರು ರೈಲು ಎಲ್ಲಿ ಮುಗಿಯುತ್ತದೆ ಎಂದು ಕೇಳಿದರು. ಇನ್ನೂ ಮುಗಿದಿಲ್ಲ ಎಂದೆ. ಮುಗಿಯದ್ದನ್ನು ತರಬಾರದಿತ್ತು ಎಂದರು. ಪಕ್ಕದ ಮೇಜಿನಲ್ಲಿದ್ದ ಥರ್ಮಾಕೋಲಿನ ಊರಿಗೆ ಬಹುಮಾನ ಬಂತು. ಅದನ್ನು ಯಾವ ಅಪ್ಪಂದಿರು ಮಾಡಿದರೋ, ಅದರ ಸುತ್ತ ನಿಂತ ಮಕ್ಕಳಿಗೆ ಮುಟ್ಟಲೂ ಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಹಲ್ಲು ಕಚ್ಚಿಕೊಂಡು ಕೂತಿದ್ದೆ. ನಮ್ಮ ಮಕ್ಕಳಿಗೆ ಬೇಸರವೇ ಆಗಿರಲಿಲ್ಲ. ಮುಗಿದಿಲ್ಲವೆಂದು ದೊಡ್ಡವರೇ ಒಪ್ಪಿದ್ದು ಅವರಿಗೆ ಸಮಾಧಾನ ತಂದಿತ್ತು.

ಬಿಸಿಲು ಏರಿತು, ಪೇಟೆಯ ಘಾಟೂ ಏರಿತು. ಆ ಹೊತ್ತಿಗೆ ಅಪ್ಪನ ಪಾಳಿ ಬದಲಾಯಿತು. ಅಜ್ಜಿ ಹಿತ್ತಲಿನಲ್ಲಿ ಎಡವಿ ಬಿದ್ದು ಹಾಸಿಗೆ ಹಿಡಿದರು. ಹುಡುಗಿ ವಾರಕ್ಕೊಮ್ಮೆ ಬಂದಳು, ಆಮೇಲೆ ಅದೂ ತಪ್ಪಿತು. ಪರೀಕ್ಷೆ ಹತ್ತಿರವಿದ್ದ ಒಂದು ಸಂಜೆ ಮಾಸ್ತರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಒಂದು ಸುರುಳಿ ಕೊಟ್ಟರು. "ಮನಿಗೆ ಹೋಗಿದ್ನಿರಿ. ಕೊಟ್ಟು ಕಳಿಸ್ಯಾಳ," ಎಂದಷ್ಟೇ ಹೇಳಿ ತಮ್ಮ ಬೈಕಿನ ಕಡೆ ಹೋದರು. ಆ ದಿನ ಸುರುಳಿಯನ್ನು ದಾರಿಯಲ್ಲಿ ಬಿಚ್ಚುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ತರಗತಿಯಲ್ಲಿ ಬಿಚ್ಚಿದೆವು. ಅದರಲ್ಲಿ ಇದ್ದದ್ದು ಒಂದೇ ಡಬ್ಬಿ. ಅರ್ಧವಲ್ಲ, ಪೂರ್ತಿ. ಗಾಲಿ, ಬಾಗಿಲು, ಎಲ್ಲವನ್ನೂ ಅವಳೊಬ್ಬಳೇ ಬರೆದಿದ್ದಳು. ಹಿಂಭಾಗದಲ್ಲಿ ಹಳದಿಯ ದೊಡ್ಡ ಕತ್ತರಿ ಗುರುತು. ಬಾಗಿಲಿನಲ್ಲಿ ಹಸಿರು ಬಾವುಟ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಅವಳ ಸೀರೆ ನೇರಳೆ ಬಣ್ಣದ್ದು.

ಹಮಾಲರ ಮಗಳು ಡಬ್ಬಿಯನ್ನು ಬಹಳ ಹೊತ್ತು ನೋಡಿದಳು. ಪೆಟ್ಟಿಗೆಯಿಂದ ನೇರಳೆ ಬಣ್ಣದ ಕಡ್ಡಿ ಹುಡುಕಿ ತೆಗೆದು, ಗೋಡೆಯ ಆ ತುದಿಗೆ ಹೋಗಿ, ಹೊಲದ ಚಿತ್ರದಲ್ಲಿ ಖಾಲಿ ಉಳಿದಿದ್ದ ಸೀರೆಗೆ ಬಣ್ಣ ತುಂಬಿದಳು. ಗೆರೆಯಾಚೆ ಹೋಗದ ಹಾಗೆ, ನಿಧಾನವಾಗಿ ತುಂಬಿದಳು. ನಾನು ಅಂಟಿನ ಡಬ್ಬಿಯನ್ನು ತೆರೆದು ಅವಳ ಮುಂದೆ ಇಟ್ಟೆ.

"ಇದನ್ನ ನಾ ಹಚ್ಚಂಗಿಲ್ಲರಿ," ಎಂದಳು. "ಇದು ಆಕೀ ಪಾಲಿನ ಕೆಲಸ. ಆಕೀನ ಬಂದು ಹಚ್ಚಲಿ."

ಆ ಹಾಳೆ ನನ್ನ ಕಪಾಟಿನಲ್ಲಿದೆ. ಜೂನಿನಲ್ಲಿ ಶಾಲೆ ಶುರುವಾದಾಗ ಮಾಸ್ತರು ಫೋನು ಮಾಡಿ, ಆ ಹುಡುಗಿ ಆರನೆಯ ತರಗತಿಗೆ ಎಲ್ಲಿಯೂ ಸೇರಿಲ್ಲ ಎಂದರು. ಮತ್ತೆರಡು ಸಲ ಆ ಮನೆಗೆ ಹೋಗಿ ಬಂದೆವು. ಪ್ರತಿ ಸಲ ಚಹಾ ಕುಡಿದು ಬಂದೆವು, ಈಗ ಸಕ್ಕರೆ ಹದವಾಗಿರುತ್ತದೆ. ನನಗೆ ಸಿಟ್ಟು ಬರುತ್ತದೆ. ಆ ಅಪ್ಪನ ಮೇಲೆ ಬರುವುದಿಲ್ಲ, ಅಜ್ಜಿಯ ಮೇಲೆ, ಆ ಕೂಸಿನ ಮೇಲೆ ಬರುವಂತಿಲ್ಲ. ಯಾರ ಮೇಲೆ ಹಾಕಬೇಕೆಂದು ತಿಳಿಯದ ಸಿಟ್ಟು ಅದು. ಕೂಡಿ ಕೆಲಸ ಮಾಡುವುದನ್ನು ಕಲಿಸಿ ಎಂದಿದ್ದರು. ಮಕ್ಕಳು ಕಲಿತರು. ಅವಳ ಮನೆಯ ಮುಯ್ಯಿಗೆ ಹೋಗಲು ದೊಡ್ಡವರಾದ ನಮ್ಮಲ್ಲಿ ಯಾರೂ ಇರಲಿಲ್ಲ.

ಹಮಾಲರ ಮಗಳು ಈಗ ಬೇರೆ ಶಾಲೆಯಲ್ಲಿ ಆರನೆಯ ತರಗತಿ. ಹೋದ ವಾರ ತಾಯಿಯ ಫೋನು ಹಿಡಿದು ನನ್ನ ಹತ್ತಿರ ಬಂದಿದ್ದಳು. ಎಷ್ಟೋ ತಿಂಗಳ ಮೇಲೆ ಒಂದು ಧ್ವನಿ ಬಂದಿತ್ತು. ಅದೇ ಪಿಸುಮಾತು, ಹಿಂದೆ ಕೂಸಿನ ಅಳು.

"ಕಡೀ ಡಬ್ಬಿ ಹಚ್ಚಿದಿ?"

ಇವಳು ನನ್ನೆದುರಿಗೇ ಫೋನನ್ನು ಬಾಯಿಯ ಹತ್ತಿರ ಹಿಡಿದು, ತಾನೂ ಪಿಸುಮಾತಿನಲ್ಲೇ ಉತ್ತರ ಕಳಿಸಿದಳು.

"ಇನ್ನೂ ಇಲ್ಲ. ನೀ ಬಾ."

ಅತ್ತ ಕಡೆ ಕೇಳಿಸಿಕೊಂಡಳೆಂಬ ನೀಲಿ ಗುರುತು ಪರದೆಯ ಮೇಲೆ ಬಿತ್ತು. ಇಬ್ಬರೂ ಫೋನನ್ನು ನೋಡುತ್ತ ಕೂತೆವು. ಉತ್ತರ ಬರಲಿಲ್ಲ.